ಹಿಂಬದಿ ಗಾಜಿನ ಕಂದು ಕಲೆ

ಕೊಳ್ಳೇಗಾಲ ಬಿಟ್ಟು ಹನೂರು, ಕೌದಳ್ಳಿ ದಾಟಿ ತಾಳಬೆಟ್ಟಕ್ಕೆ ಬಂದರೆ ಅಲ್ಲಿಂದ ಮುಂದೆ ಮಲೆ ಮಹದೇಶ್ವರ ಬೆಟ್ಟದ ಕಾಡು, ಏರು, ತಿರುವು. ದೀಪಾವಳಿ ಜಾತ್ರೆಯ ಹೊತ್ತಿಗೆ ಈ ಸೀಮೆಯಲ್ಲಿ ಹಿಂಗಾರು ಮಳೆಯ ದಿನಗಳು. ಬೆಳಗಿನ ಜಾವ ಮಲೆಗಳ ಮೇಲೆ ಮಂಜು ಕವಿದಿರುತ್ತದೆ. ಅಂತರಗಂಗೆಯಲ್ಲಿ ಮಿಂದು, ಒದ್ದೆ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಮಾದಪ್ಪನ ದರ್ಶನ ಮುಗಿಸಿದ ಐದಾರು ಮಂದಿ ಒಂದೇ ಕಾರಿನಲ್ಲಿ ಕುಳಿತು ಚಳಿಗೆ ಗಾಜುಗಳನ್ನು ಏರಿಸಿಕೊಂಡರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಒಳಗಿನ ಗಾಜುಗಳೆಲ್ಲ ಹಬೆ ಹಿಡಿದು ಮಸುಕಾಗುತ್ತವೆ. ಮುಂದಿನ ಗಾಜನ್ನು ಪಕ್ಕದಲ್ಲಿ ಕುಳಿತವರು ಬಟ್ಟೆಯಿಂದ ಒರೆಸಿಕೊಡಬಹುದು. ಹಿಂಬದಿಯ ಗಾಜಿಗೆ ಚಾಲಕನ ಕೈ ನಿಲುಕದು. ಇಳಿಜಾರಿನ ತಿರುವಿನಲ್ಲಿ ಹಿಂದೆ ಬಸ್ಸು ಬರುತ್ತಿದೆಯೋ ಇಲ್ಲವೋ ತಿಳಿಯದೆ ವಾಹನ ನಡೆಸಬೇಕಾದ ಪರಿಸ್ಥಿತಿ.

ಇದಕ್ಕೆಂದೇ ಅನೇಕ ಕಾರುಗಳ ಹಿಂಬದಿ ಗಾಜಿನ ಮೇಲೆ ತೆಳುವಾದ ಅಡ್ಡಗೆರೆಗಳಿರುತ್ತವೆ. ಗುಂಡಿ ಒತ್ತಿದರೆ ಈ ಗೆರೆಗಳಲ್ಲಿ ವಿದ್ಯುತ್ ಹರಿದು ಗಾಜು ಬೆಚ್ಚಗಾಗುತ್ತದೆ, ಹಬೆ ಆರುತ್ತದೆ. ಗೆರೆಗಳೆಲ್ಲ ಗಾಜಿನ ಎರಡು ಪಕ್ಕಗಳಲ್ಲಿರುವ ಅಗಲವಾದ ಪಟ್ಟಿಗಳಿಗೆ ಕೂಡಿಕೊಂಡಿರುತ್ತವೆ. ಆ ಪಟ್ಟಿಗೆ ತಂತಿ ಬಂದು ಸೇರುವ ಜಾಗವನ್ನು ಸೂಕ್ಷ್ಮವಾಗಿ ನೋಡಿದರೆ ಕೆಲವು ಕಾರುಗಳಲ್ಲಿ ಅದರ ಸುತ್ತ ಹಳದಿ ಮಿಶ್ರಿತ ಕಂದು ಬಣ್ಣದ ಕಲೆ ಕಾಣಿಸುತ್ತದೆ. ಕೆಲವರು ಇದನ್ನು ಕೊಳೆ ಎಂದು ತಿಳಿದು ಉಜ್ಜುತ್ತಾರೆ. ಇನ್ನು ಕೆಲವರು ಗಾಜೇ ಸುಟ್ಟಿತೆಂದು ಗಾಬರಿಯಾಗುತ್ತಾರೆ. ಬಹಳಷ್ಟು ಜನ ಅದನ್ನು ಗಮನಿಸುವುದೇ ಇಲ್ಲ.

ಈ ಕಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಗಾಜಿನ ಹುಟ್ಟುಮಚ್ಚೆ. ಅದು ಕಾರ್ಖಾನೆಯಲ್ಲೇ ಬಂದದ್ದು, ಅದರಿಂದ ಅಪಾಯವಿಲ್ಲ. ಇನ್ನೊಂದು ಸುಟ್ಟ ಗಾಯ. ಅದು ಆಮೇಲೆ ಆದದ್ದು, ಅದನ್ನು ಅಲಕ್ಷಿಸುವಂತಿಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡಲು ಬಲ್ಲವರಿಗೆ ಕಾರಿನ ಗಾಜಷ್ಟೇ ಅಲ್ಲ, ಮನೆಯ ಗೋಡೆಯಲ್ಲಿರುವ ಒಂದು ಅಪಾಯವೂ ಕಣ್ಣಿಗೆ ಬೀಳುತ್ತದೆ.

ಹಬೆ ಏಕೆ ಕೂರುತ್ತದೆ?

ಗಾಳಿಯಲ್ಲಿ ನೀರಿನ ಆವಿ ಸದಾ ಇರುತ್ತದೆ. ಆದರೆ ಎಷ್ಟು ಆವಿಯನ್ನು ಗಾಳಿ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಅದರ ಉಷ್ಣತೆಯನ್ನು ಅವಲಂಬಿಸಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿಯನ್ನು ಹೊರಬಲ್ಲದು. 20 ಡಿಗ್ರಿಯಲ್ಲಿ ಅದು ಸುಮಾರು 17 ಗ್ರಾಂಗೆ ಇಳಿಯುತ್ತದೆ. 10 ಡಿಗ್ರಿಯಲ್ಲಿ 9 ಗ್ರಾಂ ಚಿಲ್ಲರೆ ಮಾತ್ರ. ಕಾರಿನೊಳಗೆ ಕುಳಿತವರ ಉಸಿರು ಮತ್ತು ಒದ್ದೆ ಬಟ್ಟೆಯಿಂದ ಬಂದ ಆವಿ ಬೆಚ್ಚಗಿನ ಗಾಳಿಯಲ್ಲಿ ಸೇರಿಕೊಳ್ಳುತ್ತದೆ. ಆ ಗಾಳಿ ತಣ್ಣಗಿನ ಗಾಜನ್ನು ಮುಟ್ಟಿದೊಡನೆ ಅಷ್ಟು ಆವಿಯನ್ನು ಹೊರಲಾರದೆ ಹೆಚ್ಚಿನದನ್ನು ಗಾಜಿನ ಮೇಲೆ ಹನಿಗಳಾಗಿ ಬಿಡುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಬೀಳುವುದೂ ಹೀಗೆಯೇ.

ಹಾಗಾದರೆ ಹಬೆ ಹೋಗಲಾಡಿಸಲು ಗಾಜನ್ನು ಬಹಳ ಕಾಯಿಸಬೇಕೆಂದಿಲ್ಲ. ಇಬ್ಬನಿ ಕಟ್ಟುವ ಉಷ್ಣತೆಗಿಂತ ಕೆಲವು ಡಿಗ್ರಿ ಮೇಲೆ ಇಟ್ಟರೆ ಸಾಕು. ಹಿಂಬದಿ ಗಾಜಿನ ಗೆರೆಗಳ ಕೆಲಸ ಇಷ್ಟೇ.

ಗಾಜಿನ ಮೇಲೆ ಬೆಳ್ಳಿ

ಆ ಗೆರೆಗಳನ್ನು ಬಹಳ ಜನ ತಂತಿ ಎಂದು ತಿಳಿದಿದ್ದಾರೆ. ವಾಸ್ತವವಾಗಿ ಅವು ಮುದ್ರಿಸಿದ ಬೆಳ್ಳಿ. ಬೆಳ್ಳಿಯ ನುಣುಪಾದ ಪುಡಿ, ಬೇಗ ಕರಗುವ ಗಾಜಿನ ಪುಡಿ ಮತ್ತು ಎಣ್ಣೆಯಂಥ ದ್ರವ ಇವುಗಳನ್ನು ಕಲಸಿ ಸರಿ ಮಾಡುತ್ತಾರೆ. ಮದುವೆಯ ಕರೆಯೋಲೆಗಳನ್ನು ಮುದ್ರಿಸುವ ಪರದೆ ಮುದ್ರಣದ ರೀತಿಯಲ್ಲಿಯೇ ಅದನ್ನು ಗಾಜಿನ ಒಳಮುಖದ ಮೇಲೆ ಗೆರೆಗಳಾಗಿ ಒತ್ತುತ್ತಾರೆ. ಅನಂತರ ಗಾಜನ್ನು ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಬೇಕಾದ ಆಕಾರಕ್ಕೆ ಬಗ್ಗಿಸಿ, ರಭಸದ ಗಾಳಿಯಿಂದ ತಟ್ಟನೆ ತಣಿಸುತ್ತಾರೆ. ಹೀಗೆ ಹದಗೊಂಡ ಗಾಜು ಒಡೆದರೆ ಚೂಪಾದ ಚೂರುಗಳಾಗದೆ ಸಣ್ಣ ಸಣ್ಣ ಹರಳುಗಳಾಗಿ ಉದುರುತ್ತದೆ.

ಬೆಳ್ಳಿ ಕರಗಬೇಕಾದರೆ ಸುಮಾರು 962 ಡಿಗ್ರಿ ಬೇಕು. ಆದುದರಿಂದ ಕುಲುಮೆಯಲ್ಲಿ ಬೆಳ್ಳಿ ನೀರಾಗುವುದಿಲ್ಲ. ಗಾಜಿನ ಪುಡಿ ಕರಗಿ, ಬೆಳ್ಳಿಯ ಕಣಗಳು ಒಂದಕ್ಕೊಂದು ಅಂಟಿ, ಎರಡೂ ಸೇರಿ ಗಾಜಿಗೆ ಬಲವಾಗಿ ಕಚ್ಚಿಕೊಳ್ಳುತ್ತವೆ. ಉಳಿಯುವ ಗೆರೆಯ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ನಮ್ಮ ತಲೆಕೂದಲು ಇದಕ್ಕಿಂತ ಎಷ್ಟೋ ದಪ್ಪ. ಲೋಹಗಳಲ್ಲೆಲ್ಲ ವಿದ್ಯುತ್ತನ್ನು ಅತಿ ಸುಲಭವಾಗಿ ಹರಿಯಗೊಡುವುದು ಬೆಳ್ಳಿಯೇ. ಅದಕ್ಕೇ ಇಷ್ಟು ತೆಳುವಾದ ಗೆರೆಯಲ್ಲಿಯೂ ಬೇಕಾದಷ್ಟು ವಿದ್ಯುತ್ ಹರಿಯುತ್ತದೆ.

ಹುಟ್ಟುಮಚ್ಚೆಯ ರಹಸ್ಯ

ಕುಲುಮೆಯಲ್ಲಿ ಇನ್ನೊಂದು ಕ್ರಿಯೆಯೂ ನಡೆಯುತ್ತದೆ. ಗಾಜು ಎಂದರೆ ಮರಳು ಮಾತ್ರವಲ್ಲ, ಅದರಲ್ಲಿ ಸೋಡಿಯಂ, ಕ್ಯಾಲ್ಸಿಯಂಗಳೂ ಇವೆ. ಬಿಸಿಯಾದ ಗಾಜಿನಲ್ಲಿ ಸೋಡಿಯಂ ಅಯಾನುಗಳು ತಮ್ಮ ಜಾಗದಿಂದ ಅಲುಗಾಡುತ್ತವೆ. ಆಗ ಬೆಳ್ಳಿಯ ಅಯಾನುಗಳು ಒಳನುಗ್ಗಿ ಅವುಗಳ ಜಾಗವನ್ನು ಹಿಡಿಯುತ್ತವೆ. ಒಳಗೆ ಹೋದ ಬೆಳ್ಳಿ ಮತ್ತೆ ಲೋಹವಾಗಿ ಅತ್ಯಂತ ಸಣ್ಣ ಕಣಗಳಾಗಿ ಗುಂಪುಗೂಡುತ್ತದೆ. ಈ ಕಣಗಳು ಬಿಳಿಯ ಬೆಳಕಿನಲ್ಲಿರುವ ನೇರಿಳೆ, ನೀಲಿಗಳನ್ನು ಹೀರುತ್ತವೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ, ಕಣಗಳು ಹೆಚ್ಚಾಗಿದ್ದರೆ ಕಂದಾಗಿ ಕಾಣುತ್ತದೆ. ಪಾತ್ರೆಯಲ್ಲಿ ಥಳಥಳಿಸುವ ಬೆಳ್ಳಿ ಗಾಜಿನೊಳಗೆ ಜೇನಿನ ಬಣ್ಣ ತಾಳುವುದು ಹೀಗೆ.

ಈ ವಿದ್ಯೆ ಹೊಸದಲ್ಲ. ಯೂರೋಪಿನ ಇಗರ್ಜಿಗಳ ಬಣ್ಣದ ಕಿಟಕಿಗಳಲ್ಲಿ ದೇವದೂತರ ಕೂದಲು, ಕಿರೀಟ, ಪ್ರಭಾವಳಿಗಳಿಗೆ ಹಳದಿ ಬಣ್ಣ ಕೊಡಲು 14ನೇ ಶತಮಾನದ ಆರಂಭದಿಂದಲೂ ಕುಶಲಕರ್ಮಿಗಳು ಬೆಳ್ಳಿಯ ಲವಣವನ್ನು ಗಾಜಿಗೆ ಬಳಿದು ಕಾಯಿಸುತ್ತಿದ್ದರು. ಅಂದು ಬೇಕೆಂದೇ ಮಾಡುತ್ತಿದ್ದುದು ಇಂದು ಕಾರಿನ ಗಾಜಿನಲ್ಲಿ ತಾನಾಗಿಯೇ ಆಗುತ್ತದೆ.

ಒಂದೇ ಮಾದರಿಯ ಎರಡು ಗಾಜುಗಳಲ್ಲಿ ಈ ಬಣ್ಣ ಹೆಚ್ಚುಕಡಿಮೆ ಇರುವುದಕ್ಕೂ ಕಾರಣವಿದೆ. ಈಗಿನ ಗಾಜಿನ ಹಾಳೆಗಳನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆ 1959ರಲ್ಲಿ ಪ್ರಕಟಿಸಿದ ವಿಧಾನವಿದು. ತವರ ತಾಗಿದ ಮುಖದಲ್ಲಿ ತವರದ ಅಂಶ ಕೊಂಚ ಉಳಿಯುತ್ತದೆ. ಅದು ಬೆಳ್ಳಿಯ ಅಯಾನುಗಳನ್ನು ಲೋಹವಾಗಿ ಮಾರ್ಪಡಿಸಲು ನೆರವಾಗುತ್ತದೆ. ಗೆರೆಗಳನ್ನು ಆ ಮುಖದ ಮೇಲೆ ಮುದ್ರಿಸಿದರೆ ಬಣ್ಣ ಗಾಢ, ಇನ್ನೊಂದು ಮುಖದ ಮೇಲಾದರೆ ತಿಳಿ. ಅನೇಕ ಕಾರುಗಳಲ್ಲಿ ಗಾಜಿನ ಅಂಚಿಗೆ ಕಪ್ಪು ಪಟ್ಟಿ ಇರುವುದರಿಂದ ಇದು ಹೊರಗಿನಿಂದ ಕಾಣುವುದೇ ಇಲ್ಲ.

ಈ ಬಗೆಯ ಬಣ್ಣ ಗಾಜಿನ ಮೇಲೆ ಕುಳಿತದ್ದಲ್ಲ, ಗಾಜಿನೊಳಗೇ ಇರುವಂಥದು. ಆದ್ದರಿಂದ ಎಷ್ಟು ಉಜ್ಜಿದರೂ ಹೋಗದು. ಉಜ್ಜಿದರೆ ಹೋಗುವುದು ತೆಳುವಾದ ಬೆಳ್ಳಿಯ ಗೆರೆ ಮಾತ್ರ.

ಶಿವನಸಮುದ್ರ ಹೇಳುವ ಪಾಠ

ಎರಡನೆಯ ಬಗೆಯ ಕಲೆಯನ್ನು ಅರಿಯಲು ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ಒಂದು ಪಾಠವಿದೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮಾರ್ಗವಾಗಿ ಬರುವವರು ಸತ್ತೇಗಾಲದ ಬಳಿ ಕಾವೇರಿಯನ್ನು ದಾಟುತ್ತಾರೆ. ಹತ್ತಿರದಲ್ಲೇ ಶಿವನಸಮುದ್ರ. ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಇಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಷ್ಟು ದೂರ ವಿದ್ಯುತ್ ಕಳಿಸುವಾಗ ತಂತಿಗಳೇ ಬಿಸಿಯಾಗಿ ಶಕ್ತಿ ಪೋಲಾಗದೆ ಇರಲು ಎಂಜಿನಿಯರುಗಳು ಏನು ಮಾಡಿದರು? ಹತ್ತಾರು ಸಾವಿರ ವೋಲ್ಟ್‌ಗಳ ಒತ್ತಡದಲ್ಲಿ ಅದನ್ನು ಕಳಿಸಿದರು.

ಇದರ ಹಿಂದಿರುವುದು 1841ರಲ್ಲಿ ಜೇಮ್ಸ್ ಜೌಲ್ ಪ್ರಕಟಿಸಿದ ನಿಯಮ. ತಂತಿಯಲ್ಲಿ ಹುಟ್ಟುವ ಉಷ್ಣ ಅದರ ರೋಧಕ್ಕೆ ಅನುಗುಣ, ಪ್ರವಾಹದ ವರ್ಗಕ್ಕೆ ಅನುಗುಣ. ಪ್ರವಾಹ ಎರಡು ಪಟ್ಟಾದರೆ ಉಷ್ಣ ನಾಲ್ಕು ಪಟ್ಟು. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟ್‌ನಲ್ಲಿ ಕಳಿಸಿದರೆ ಪ್ರವಾಹ ಹತ್ತನೆಯ ಒಂದು ಭಾಗ ಸಾಕು, ತಂತಿಯ ಉಷ್ಣ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಕಾರಿನಲ್ಲಿ ಇದಕ್ಕೆ ತದ್ವಿರುದ್ಧ. ಬ್ಯಾಟರಿಯ ಒತ್ತಡ ಕೇವಲ 12 ವೋಲ್ಟ್. ಗಾಜನ್ನು ಬೆಚ್ಚಗೆ ಮಾಡಲು ಬೇಕಾದ ಶಕ್ತಿ ನೂರೈವತ್ತು, ಇನ್ನೂರು ವಾಟ್. ಆದ್ದರಿಂದ ಪ್ರವಾಹ ಹೆಚ್ಚಾಗಲೇಬೇಕು. ಉದಾಹರಣೆಗೆ ಗೆರೆಗಳೆಲ್ಲವುಗಳ ಒಟ್ಟು ರೋಧ 0.8 ಓಮ್ ಎಂದಿಟ್ಟುಕೊಳ್ಳಿ. ಓಮನ ನಿಯಮದಂತೆ ಪ್ರವಾಹ 15 ಆಂಪೇರ್, ಉಷ್ಣ 180 ವಾಟ್. ಈ 15 ಆಂಪೇರ್ ಪೂರ್ತಿಯಾಗಿ ಹಾದುಹೋಗಬೇಕಾದದ್ದು ಉಗುರಿನಷ್ಟು ಅಗಲದ ಒಂದು ಬೆಸುಗೆಯ ಮೂಲಕ.

ಬೆಸುಗೆ ಗಟ್ಟಿಯಾಗಿದ್ದರೆ ಅದರ ರೋಧ ನಗಣ್ಯ. 0.005 ಓಮ್ ಎಂದರೂ ಅಲ್ಲಿ ಹುಟ್ಟುವ ಉಷ್ಣ ಒಂದು ವಾಟ್ ಚಿಲ್ಲರೆ. ಬೆಸುಗೆ ಸಡಿಲಗೊಂಡು ಅದರ ರೋಧ 0.1 ಓಮ್ ಆಯಿತೆನ್ನಿ. ಒಟ್ಟು ರೋಧ 0.9 ಓಮ್ ಆಗಿ ಪ್ರವಾಹ ಸುಮಾರು 13.3 ಆಂಪೇರ್‌ಗೆ ಇಳಿಯುತ್ತದೆ. ಆದರೆ ಆ ಬೆಸುಗೆಯೊಂದರಲ್ಲೇ ಸುಮಾರು 18 ವಾಟ್ ಉಷ್ಣ ಹುಟ್ಟುತ್ತದೆ. ರೇಡಿಯೋ ರಿಪೇರಿ ಮಾಡುವವರು ತವರ ಕರಗಿಸಲು ಬಳಸುವ ಬೆಸುಗೆ ಕಡ್ಡಿ 25 ವಾಟ್‌ನದು ಎಂಬುದನ್ನು ನೆನೆದರೆ ಇದೆಷ್ಟು ಎಂಬುದು ಅರ್ಥವಾದೀತು. ಇಡೀ ಗಾಜಿಗೆ ಹರಡಬೇಕಾದ ಬಿಸಿಯ ಒಂದು ಪಾಲು ಒಂದೇ ಬಿಂದುವಿನಲ್ಲಿ ಕೂಡುತ್ತದೆ. ತಂತಿಯ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತದೆ, ಬೆಸುಗೆಯ ಸುತ್ತ ಕಪ್ಪು, ಕಂದು ವರ್ತುಲ ಮೂಡುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ಹೀಗಾದಾಗ ಫ್ಯೂಸು ಹೋಗುವುದಿಲ್ಲ. ಫ್ಯೂಸು ಕಾಯುವುದು ಪ್ರವಾಹ ಮಿತಿ ಮೀರದಂತೆ. ಸಡಿಲ ಬೆಸುಗೆಯಿಂದ ಪ್ರವಾಹ ಹೆಚ್ಚುವುದಿಲ್ಲ, ಇಳಿಯುತ್ತದೆ. ಫ್ಯೂಸಿನ ಮಟ್ಟಿಗೆ ಎಲ್ಲವೂ ಸುಸೂತ್ರ. ಒಳಗೆ ಒಂದು ಕಡೆ ಬೇಯುತ್ತಿದೆ ಎಂಬುದನ್ನು ತಿಳಿಸಲು ಇರುವುದು ಆ ಕಲೆಯೊಂದೇ.

ಬೆಸುಗೆ ಏಕೆ ಸಡಿಲವಾಗುತ್ತದೆ?

ಗಾಜು ಮತ್ತು ತಾಮ್ರ ಬಿಸಿಯಾದಾಗ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಅಷ್ಟೇ ಬಿಸಿಗೆ ತಾಮ್ರ ಗಾಜಿನ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ತಾಮ್ರದ ಸಣ್ಣ ತಗಡನ್ನು ಗಾಜಿನ ಮೇಲಿನ ಬೆಳ್ಳಿ ಪಟ್ಟಿಗೆ ಬೆಸೆದಾಗ ಪ್ರತಿ ಸಲ ಬಿಸಿಯಾಗಿ ತಣಿಯುವಾಗಲೂ ಅವೆರಡರ ನಡುವೆ ಎಳೆದಾಟ. ವರ್ಷಗಟ್ಟಲೆ ಇದು ನಡೆದರೆ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಹಿಂದೆ ತುಂಬಿದ ಚೀಲ, ಹಾಸಿಗೆಗಳು ತಂತಿಯನ್ನು ತಳ್ಳಿದರೂ, ಗಾಜು ಒರೆಸುವಾಗ ಬಟ್ಟೆ ಸಿಕ್ಕಿ ಎಳೆದರೂ ಇದೇ ಆದೀತು.

ತೇವವೂ ಶತ್ರುವೇ. ಗಾಜಿನಿಂದ ಇಳಿದ ನೀರು ತಂತಿ ಸೇರುವಲ್ಲಿ ನಿಂತರೆ ತಾಮ್ರ ಕಿಲುಬು ಹಿಡಿಯುತ್ತದೆ. ಹಿತ್ತಾಳೆ ಚೊಂಬಿನ ಅಂಚಿನಲ್ಲಿ ಕಾಣುವ ಹಸಿರು ಇದೇ. ಕಿಲುಬಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು, ರೋಧ ಏರುತ್ತದೆ.

ಬೆಳ್ಳಿ ಕಪ್ಪಾಗುವುದೂ ಉಂಟು. ದೇವರ ಮನೆಯ ಬೆಳ್ಳಿ ದೀಪ ತಿಂಗಳುಗಟ್ಟಲೆ ಬಿಟ್ಟರೆ ಕಪ್ಪಿಡುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಗಾಳಿಯಲ್ಲಿರುವ ಗಂಧಕದ ಸಂಯುಕ್ತಗಳು ಬೆಳ್ಳಿಯೊಡನೆ ಸೇರಿ ಆದ ಸಲ್ಫೈಡಿನ ಪದರ. ಗಂಧಕ ಸೇರಿಸಿ ಹದಗೊಳಿಸಿದ ರಬ್ಬರಿನಿಂದಲೂ ಹೀಗಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಿರಿಯರ ಅನುಮತಿ ಪಡೆದು ಒಂದು ಹಳೆಯ ಬೆಳ್ಳಿ ನಾಣ್ಯಕ್ಕೋ ಚಮಚೆಗೋ ರಬ್ಬರ್ ಬ್ಯಾಂಡ್ ಸುತ್ತಿ ಕೆಲವು ದಿನ ಇಡಿ. ತೆಗೆದಾಗ ಸುತ್ತಿದ ಜಾಗದಲ್ಲಿ ಕಪ್ಪು ಗೆರೆ ಮೂಡಿರುತ್ತದೆ.

ಇವಲ್ಲದೆ ಬೆಸುಗೆ ಹಾಕುವಾಗ ಬಳಸಿದ ರಾಳ ಸುತ್ತ ಉಳಿದು, ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿರಬಹುದು. ನೋಡಲು ಅಂದವಿಲ್ಲ ಎಂಬುದನ್ನು ಬಿಟ್ಟರೆ ಅದರಿಂದ ದೊಡ್ಡ ತೊಂದರೆಯಿಲ್ಲ.

ಗುರುತಿಸುವುದು ಹೇಗೆ?

ಮೊದಲು ಗಾಜನ್ನು ಹೊರಗಿನಿಂದ ನೋಡಬೇಕು. ಜೇನಿನ ಬಣ್ಣ ಪಟ್ಟಿಯ ಉದ್ದಕ್ಕೂ, ಗೆರೆಗಳ ಉದ್ದಕ್ಕೂ, ಎಡಬಲಗಳೆರಡರಲ್ಲೂ ಒಂದೇ ಸಮನಾಗಿದ್ದರೆ ಅದು ಹುಟ್ಟುಮಚ್ಚೆ. ಒಳಗಿನಿಂದ ನೋಡಿದಾಗ ಬೆಳ್ಳಿ ಬೂದು ಬಣ್ಣದಲ್ಲಿ ಸರಿಯಾಗಿಯೇ ಕಾಣುತ್ತದೆ. ಬಣ್ಣ ಒಂದು ಪಕ್ಕದಲ್ಲಿ ಮಾತ್ರ, ತಂತಿ ಸೇರುವ ಬಿಂದುವಿನ ಸುತ್ತ ಮಾತ್ರ ಇದ್ದು, ಮಧ್ಯೆ ಗಾಢವಾಗಿ ಹೊರಗೆ ತಿಳಿಯಾಗಿದ್ದರೆ, ಜೊತೆಗೆ ಪ್ಲಾಸ್ಟಿಕ್ ಬಾಡಿದ್ದರೆ ಅಥವಾ ಹಸಿರು ಕಂಡರೆ ಅನುಮಾನ ಪಡಬೇಕು. ಹುಟ್ಟುಮಚ್ಚೆ ಬೆಳೆಯುವುದಿಲ್ಲ, ಸುಟ್ಟ ಕಲೆ ಬೆಳೆಯುತ್ತದೆ. ಇಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟು ತಿಂಗಳ ನಂತರ ಹೋಲಿಸಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ.

ಗೆರೆಗಳು ಕೆಲಸ ಮಾಡುತ್ತಿವೆಯೇ ಎಂದು ನೋಡಲು ಉಪಕರಣ ಬೇಡ. ಚಳಿಯ ಬೆಳಿಗ್ಗೆ ಗಾಜು ಹಬೆಗಟ್ಟಿರುವಾಗ ವಾಹನ ನಿಂತಿರುವಂತೆಯೇ ಎಂಜಿನ್ ಚಾಲೂ ಮಾಡಿ ಗುಂಡಿ ಒತ್ತಬೇಕು. ಎಲ್ಲ ಗೆರೆಗಳ ಸುತ್ತಲೂ ಹಬೆ ಆರಿದರೆ ಸರಿ. ಒಂದು ಗೆರೆಯ ಸುತ್ತ ಮಾತ್ರ ಹಬೆ ಉಳಿದರೆ ಆ ಗೆರೆ ಎಲ್ಲೋ ತುಂಡಾಗಿದೆ. ಯಾವ ಗೆರೆಯೂ ಬಿಸಿಯಾಗದಿದ್ದರೆ ಫ್ಯೂಸು, ತಂತಿ ಅಥವಾ ಬೆಸುಗೆಯಲ್ಲಿ ದೋಷ. ಎಲ್ಲವೂ ಬಹಳ ನಿಧಾನವಾಗಿ ಆರುತ್ತಿದ್ದು, ಕಲೆಯೂ ಇದ್ದರೆ ಬೆಸುಗೆಯನ್ನು ಪರೀಕ್ಷಿಸಬೇಕು. ಅನೇಕ ಕಾರುಗಳಲ್ಲಿ ಹತ್ತು, ಹದಿನೈದು ನಿಮಿಷಗಳಲ್ಲಿ ಇದು ತಾನಾಗಿಯೇ ಆರಿಹೋಗುತ್ತದೆ ಎಂಬುದು ನೆನಪಿರಲಿ.

ವಾಹನಗಳ ಎಲೆಕ್ಟ್ರಿಷಿಯನ್ ಬಳಿ ವೋಲ್ಟ್‌ಮೀಟರ್ ಇರುತ್ತದೆ. ಅದರ ಒಂದು ಮುಳ್ಳನ್ನು ತಂತಿಗೂ ಇನ್ನೊಂದನ್ನು ಪಕ್ಕದ ಬೆಳ್ಳಿ ಪಟ್ಟಿಗೂ ಮುಟ್ಟಿಸಿ ಗುಂಡಿ ಒತ್ತಿದರೆ, ಬೆಸುಗೆ ಚೆನ್ನಾಗಿದ್ದಾಗ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಮೇಲಿನ ಲೆಕ್ಕದ ಸಡಿಲ ಬೆಸುಗೆಯಲ್ಲಿ 1.3 ವೋಲ್ಟ್ ಕಾಣುತ್ತದೆ. ಹತ್ತನೆಯ ತರಗತಿಯ ಓಮನ ನಿಯಮದ ಪಾಠ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ದುರಸ್ತಿಯಲ್ಲಿ ಅವಸರ ಸಲ್ಲದು. ಸಾಮಾನ್ಯ ಬೆಸುಗೆಯಲ್ಲಿರುವ ತವರ ಕರಗಿದಾಗ ತೆಳುವಾದ ಬೆಳ್ಳಿಯ ಪದರವನ್ನೇ ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಬೆಳ್ಳಿ ಬೆರೆಸಿದ ಬೆಸುಗೆಯನ್ನು ಬಳಸುವುದು ವಾಡಿಕೆ. ಒಂದೇ ಕಡೆ ಬಹಳ ಹೊತ್ತು ಕಾಯಿಸಿದರೆ ಗಾಜು ಪೂರ್ತಿ ಒಡೆದು ಬೀಳಬಹುದು. ಬೆಳ್ಳಿಯ ಪುಡಿ ಸೇರಿದ, ವಿದ್ಯುತ್ ಹರಿಯುವ ಅಂಟುಗಳೂ ದೊರೆಯುತ್ತವೆ. ಮನೆಯಲ್ಲಿರುವ ಸಾಮಾನ್ಯ ಅಂಟಿನಲ್ಲಿ ವಿದ್ಯುತ್ ಹರಿಯದು, ಅದನ್ನು ಹಚ್ಚಿ ಪ್ರಯೋಜನವಿಲ್ಲ. ದುರಸ್ತಿಯಾಗುವವರೆಗೆ ಆ ಗುಂಡಿಯನ್ನು ಒತ್ತದಿರುವುದು, ಗಾಜನ್ನು ಕೊಂಚ ಇಳಿಸಿ ಗಾಳಿಯಾಡಲು ಬಿಡುವುದು, ಬೆಟ್ಟ ಇಳಿಯುವ ಮುನ್ನ ಹಿಂಬದಿ ಗಾಜನ್ನು ಒಳಗಿನಿಂದ ಮೆತ್ತನೆಯ ಬಟ್ಟೆಯಲ್ಲಿ ಗೆರೆಗಳ ಉದ್ದಕ್ಕೇ ಒರೆಸುವುದು ಕ್ಷೇಮ.

ಮನೆಯ ಗೋಡೆಯಲ್ಲೂ ಇದೇ ಕಲೆ

ಕಾರು ಎಲ್ಲರ ಮನೆಯಲ್ಲಿ ಇರಲಾರದು. ಆದರೆ ಪ್ಲಗ್ ಇಲ್ಲದ ಮನೆ ಇಂದು ಅಪರೂಪ. ಗೀಸರ್, ಇಸ್ತ್ರಿ ಪೆಟ್ಟಿಗೆ, ವಿದ್ಯುತ್ ಒಲೆಗಳನ್ನು ಚುಚ್ಚುವ ಪ್ಲಗ್ಗಿನ ತೂತುಗಳ ಸುತ್ತ ಬಿಳಿ ಪ್ಲಾಸ್ಟಿಕ್ ಹಳದಿಯಾಗಿ, ಕಂದಾಗಿ ತಿರುಗಿರುವುದನ್ನು ಬಹಳ ಮನೆಗಳಲ್ಲಿ ಕಾಣಬಹುದು. ಹಳೆಯದಾಯಿತು ಎಂದು ಸುಮ್ಮನಾಗುವವರೇ ಹೆಚ್ಚು. ವಾಸ್ತವದಲ್ಲಿ ಇದೂ ಸಡಿಲ ಸಂಪರ್ಕದ ಸುಟ್ಟ ಗಾಯವೇ. 2000 ವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪೇರ್ ಎಳೆಯುತ್ತದೆ. ಪ್ಲಗ್ಗಿನ ಕಡ್ಡಿ ಸಡಿಲವಾಗಿ 0.2 ಓಮ್ ರೋಧ ಸೇರಿಕೊಂಡರೆ ಆ ಬಿಂದುವಿನಲ್ಲಿ ಸುಮಾರು 15 ವಾಟ್ ಉಷ್ಣ. ಪ್ರವಾಹದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆದುದರಿಂದ ಮೀಟರ್ ಪೆಟ್ಟಿಗೆಯ ಫ್ಯೂಸಿಗಾಗಲಿ ಎಂ.ಸಿ.ಬಿ.ಗಾಗಲಿ ಇದು ಗೊತ್ತಾಗುವುದಿಲ್ಲ. ಕಾರಿನ ಗಾಜಿನ ಲೆಕ್ಕವೇ ಇಲ್ಲಿಯೂ. ವ್ಯತ್ಯಾಸವೆಂದರೆ ಇಲ್ಲಿ ಪಕ್ಕದಲ್ಲಿ ಪರದೆ, ಮರದ ಹಲಗೆ, ಹಾಸಿಗೆ ಇರುತ್ತವೆ. ಬೆಂಕಿ ಹೊತ್ತಿಕೊಳ್ಳಲು ಬಹಳ ಹೊತ್ತು ಬೇಡ.

ಈ ವಾರ ಬಿಡುವಾದಾಗ ಮಕ್ಕಳು ಮನೆಯ ಪ್ಲಗ್ಗುಗಳನ್ನೆಲ್ಲ ಒಮ್ಮೆ ನೋಡಿ ಬರಲಿ, ಮುಟ್ಟದೆ, ಕಣ್ಣಿನಿಂದ ಮಾತ್ರ. ಎಲ್ಲಿ ಬಣ್ಣ ತಿರುಗಿದೆ, ಯಾವುದನ್ನು ಚುಚ್ಚಿದಾಗ ಚಟಪಟ ಸದ್ದು ಬರುತ್ತದೆ, ಎಲ್ಲಿ ಸುಟ್ಟ ವಾಸನೆ ಇದೆ ಎಂದು ಬರೆದಿಡಲಿ. ಆ ಪಟ್ಟಿಯನ್ನು ತಂದೆತಾಯಿಗಳು ಎಲೆಕ್ಟ್ರಿಷಿಯನ್ನನಿಗೆ ಕೊಟ್ಟು ಅಂಥ ಪ್ಲಗ್ಗುಗಳನ್ನು ಬದಲಾಯಿಸಿಕೊಳ್ಳಲಿ. ಬದಲಾಯಿಸುವವರೆಗೆ ಅವುಗಳಿಗೆ ಗೀಸರ್, ಇಸ್ತ್ರಿ ಪೆಟ್ಟಿಗೆ ಚುಚ್ಚುವುದು ಬೇಡ. ಕಾರಿರುವವರು ಮುಂದಿನ ಸಲ ಬೆಟ್ಟಕ್ಕೆ ಹೊರಡುವ ಮುನ್ನ ಹಿಂಬದಿ ಗಾಜಿನ ಎರಡು ಮೂಲೆಗಳನ್ನೂ ಒಂದು ನಿಮಿಷ ನೋಡಿಕೊಳ್ಳಲಿ.